ಕ್ಯಾಮೆರಾ ಕಡೆಗೆ ಮಾತ್ರ ಬಣ್ಣ: ಪ್ರಾಪ್‌ಸ್ಟೋರ್ ಹರಾಜಿನಲ್ಲಿ ಸಿನಿಮಾ ಸಾಮಾನು ಕೊಳ್ಳುವವರಿಗೆ

ತೆರೆಯ ಮೇಲೆ ಉಕ್ಕಿನಂತೆ ಮಿಂಚಿದ ಎದೆಕವಚ ಕೈಗೆ ಬಂದರೆ ಬರೀ ಫೈಬರ್. ಮುಂಭಾಗಕ್ಕೆ ಬೆಳ್ಳಿ ಬಣ್ಣ, ಅದರ ಮೇಲೆ ಕಪ್ಪು ಬಳಿದು ಒರೆಸಿ ತಂದ ಹಳತನ. ಹಿಂದೆ ತಿರುಗಿಸಿದರೆ ಬಣ್ಣವೇ ಕಾಣದ ಹಸಿ ನಾರು, ಮೂಲೆಯಲ್ಲಿ ಮಾರ್ಕರ್ ಪೆನ್ನಿನಲ್ಲಿ ಗೀಚಿದ ‘ಸ್ಟಂಟ್ 3’. ರಾಣಿಯ ಗೌನಿನ ಬೆನ್ನಿಗೆ ಸಾಲು ಗುಂಡಿಗಳಿವೆ, ಒಂದನ್ನೂ ಬಿಚ್ಚಲಾಗದು. ಅವುಗಳ ಅಡಿಯಲ್ಲಿ ಪ್ರೆಸ್ ಬಟನ್ನೋ ಜಿಪ್ಪೋ ಅಡಗಿರುತ್ತದೆ, ಯಾಕೆಂದರೆ ಎರಡು ಶಾಟ್‌ಗಳ ನಡುವೆ ಐದೇ ನಿಮಿಷದಲ್ಲಿ ಉಡುಪು ಬದಲಾಗಬೇಕು. ಸಿನಿಮಾ ಸಾಮಾನು ಕೂಡಿಡುವವರಿಗೆ ಹುಚ್ಚು ಹಿಡಿಸುವುದು ಇಂಥದ್ದೇ. ಕಣ್ಣಿಗೆ ಮಣ್ಣೆರಚಿದ್ದು ಹೇಗೆ ಅಂತ ಅಂಗೈಯಲ್ಲಿ ಹಿಡಿದು ನೋಡಬಹುದು. ಶೋಕೇಸಿನಲ್ಲಿ ಎಲ್ಲ ಕಡೆಯಿಂದಲೂ ಹೊಳೆಯುವ ವಸ್ತು ಬೇಕು ಅನ್ನುವವರು ಸ್ಟುಡಿಯೋ ಪರವಾನಗಿ ಪಡೆದು ತಯಾರಿಸಿದ ನಕಲನ್ನೇ ಕೊಳ್ಳುವುದು ಮೇಲು. ದುಡ್ಡೂ ಉಳಿಯುತ್ತದೆ, ನಿರಾಶೆಯೂ ಆಗದು.

ಅಸಲಿಯೇ ಬೇಕು ಅನ್ನುವವರು ಹೋಗುವ ಕೆಲವೇ ಬಾಗಿಲುಗಳಲ್ಲಿ ಪ್ರಾಪ್‌ಸ್ಟೋರ್ ಒಂದು. 1998ರಲ್ಲಿ ಸ್ಟೀಫನ್ ಲೇನ್ ಇಂಗ್ಲೆಂಡಿನಲ್ಲಿ ಶುರು ಮಾಡಿದ ಸಂಸ್ಥೆ. ಲಂಡನ್ ಹೊರವಲಯದಲ್ಲೂ ಲಾಸ್ ಏಂಜಲೀಸ್ ಕಡೆಯಲ್ಲೂ ಕಚೇರಿಗಳಿವೆ. ಮೊದಲು ನಿಗದಿತ ಬೆಲೆಗೆ ಮಾರುತ್ತಿದ್ದರು, 2014ರಿಂದ ದೊಡ್ಡ ಮಟ್ಟದ ನೇರ ಹರಾಜುಗಳನ್ನೂ ನಡೆಸುತ್ತಿದ್ದಾರೆ. ಡಲ್ಲಾಸಿನ ಹೆರಿಟೇಜ್ ಆಕ್ಷನ್ಸ್ ಇದಕ್ಕೆ ಸರಿಸಾಟಿಯಾದ ಸ್ಪರ್ಧಿ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಇವರ ಕ್ಯಾಟಲಾಗಿಗೆ ಹತ್ತಕ್ಕೆ ಒಂಬತ್ತು, ಜೊತೆಗೆ ಕೊಡುವ ಪ್ರಮಾಣಪತ್ರಕ್ಕೆ ಆರು, ಕರ್ನಾಟಕದಲ್ಲಿ ಕೂತು ತರಿಸಿಕೊಳ್ಳುವವರ ಜೇಬಿನ ಲೆಕ್ಕಕ್ಕೆ ನಾಲ್ಕು. ಕ್ಯಾಲಿಫೋರ್ನಿಯಾದಲ್ಲೋ ಲಂಡನ್ನಿನಲ್ಲೋ ನೆಲೆಸಿರುವ ಕನ್ನಡಿಗರಿಗೆ ಆ ನಾಲ್ಕು ಏಳಾಗಬಹುದು.

ಕ್ಯಾಟಲಾಗಿಗೆ ಅಷ್ಟು ಅಂಕ ಯಾಕೆ? ಪುಕ್ಕಟೆಯಾಗಿ ಪಿಡಿಎಫ್ ಸಿಗುತ್ತದೆ. ಒಂದೊಂದು ಲಾಟಿಗೂ, ಅಂದರೆ ಹರಾಜಿಗಿಟ್ಟ ಒಂದೊಂದು ವಸ್ತುವಿಗೂ, ಹಲವು ಕೋನಗಳ ಫೋಟೊ. ಬಿರುಕು, ಕಲೆ, ಹರಿದ ಅಂಚು, ಆಮೇಲೆ ಮಾಡಿದ ರಿಪೇರಿ ಎಲ್ಲವನ್ನೂ ಬರೆದಿರುತ್ತಾರೆ. ಒಳಗೆ ವೈರು, ಬಲ್ಬು, ಮೋಟಾರು ಇದ್ದರೆ ‘ವಿದ್ಯುತ್ ಭಾಗವಿದೆ’ ಎಂಬ ಷರಾ. ಗಾತ್ರ ದೊಡ್ಡದಾದರೆ ‘ವಿಶೇಷ ಸಾಗಣೆ ಬೇಕು’ ಎಂಬ ಷರಾ. ಈ ಎರಡನೆಯದನ್ನು ಕಣ್ಣು ಹಾಯಿಸಿ ಬಿಡುವವರೇ ಹೆಚ್ಚು. ಮರದ ಕ್ರೇಟ್ ಹೊಡೆಸಿ ವಿಮಾನದಲ್ಲಿ ಕಳಿಸುವ ಖರ್ಚು ಎಷ್ಟೋ ಸಲ ವಸ್ತುವಿನ ಬೆಲೆಯನ್ನೇ ಮೀರುತ್ತದೆ. ಆ ಷರಾ ಕಂಡರೆ ಬಿಡ್ ಹಾಕುವ ಮೊದಲೇ ಮೇಲ್ ಮಾಡಿ ಸಾಗಣೆಯ ಅಂದಾಜು ಕೇಳಿ. ಹಳೆಯ ಹರಾಜುಗಳ ಮಾರಾಟ ಬೆಲೆಯೂ ಅವರ ಜಾಲತಾಣದಲ್ಲಿ ಸಿಗುತ್ತದೆ. ಅದೇ ಸಿನಿಮಾದ ಅದೇ ಬಗೆಯ ವಸ್ತು ಹಿಂದೆ ಎಷ್ಟಕ್ಕೆ ಹೋಗಿತ್ತು ಅಂತ ನೋಡದೆ ಬಿಡ್ ಮಾಡುವುದು ಕತ್ತಲಲ್ಲಿ ಕೈಯಾಡಿಸಿದ ಹಾಗೆ.

ವಿವರಣೆಯಲ್ಲಿ ಪ್ರತಿ ಪದಕ್ಕೂ ಬೆಲೆ ಇದೆ. ‘ಹೀರೋ’ ಅಂದರೆ ನಾಯಕನದ್ದು ಅಂತ ತಿಳಿಯಬೇಡಿ. ಕ್ಲೋಸಪ್ಪಿಗೆಂದು ನಾಜೂಕಾಗಿ ಮಾಡಿದ ಪ್ರತಿ ಅಂತ ಅರ್ಥ. ಲೋಹ, ಅಸಲಿ ಚರ್ಮ, ಉರಿಯುವ ದೀಪ ಎಲ್ಲ ಇದರಲ್ಲಿರುತ್ತವೆ. ‘ಸ್ಟಂಟ್’ ಪ್ರತಿ ರಬ್ಬರ್ ಅಥವಾ ಫೋಮ್. ಬಿದ್ದರೂ ಬಡಿದರೂ ಯಾರಿಗೂ ಪೆಟ್ಟಾಗಬಾರದು. ‘ಹಿನ್ನೆಲೆ’ ಪ್ರತಿ ದೂರದ ಗುಂಪಿನವರಿಗೆ ಕೊಟ್ಟದ್ದು. ಎಲ್ಲಕ್ಕಿಂತ ಜಾರುವ ಪದ ‘ಪ್ರೊಡಕ್ಷನ್ ಮೇಡ್’. ಸಿನಿಮಾಕ್ಕಾಗಿ ತಯಾರಾಗಿತ್ತು, ಅಷ್ಟೇ. ಕ್ಯಾಮೆರಾ ಮುಂದೆ ಬಂದಿತ್ತು ಎಂಬ ಭರವಸೆ ಅದರಲ್ಲಿಲ್ಲ. ‘ಸ್ಕ್ರೀನ್ ಯೂಸ್ಡ್’ ಅಂದರೆ ಬಳಸಿದ್ದಾರೆ. ‘ಸ್ಕ್ರೀನ್ ಮ್ಯಾಚ್ಡ್’ ಅಂದರೆ ಇದೇ ಪ್ರತಿ, ಇಂಥ ಶಾಟಿನಲ್ಲಿ ಕಂಡಿದೆ ಅಂತ ಗುರುತು ಹಿಡಿದಿದ್ದಾರೆ. ಒಂದೇ ಜಾಕೆಟ್ಟಿನ ಎರಡು ಪ್ರತಿಗಳಲ್ಲಿ ಒಂದಕ್ಕೆ ಈ ಕೊನೆಯ ಪದ ಅಂಟಿಕೊಂಡರೆ ಬೆಲೆ ಹಲವು ಪಟ್ಟು ಏರುತ್ತದೆ.

ಆ ಹೊಂದಾಣಿಕೆಯನ್ನು ನೀವೇ ಮಾಡಿ ನೋಡಬಹುದು, ಮಾಡಲೇಬೇಕು. ಸ್ಟ್ರೀಮಿಂಗ್ ಚಿತ್ರ ಸಾಲದು. ಬ್ಲೂರೇ ಅಥವಾ 4ಕೆ ಡಿಸ್ಕಿನಿಂದ ಫ್ರೇಮ್ ತೆಗೆಯಿರಿ. ಕಾರ್ಖಾನೆಯಲ್ಲಿ ಒಂದೇ ಥರ ಬರುವ ಗುರುತುಗಳು (ಗುಂಡಿಯ ಬಣ್ಣ, ಜೇಬಿನ ಆಕಾರ) ಏನನ್ನೂ ಸಾಬೀತು ಮಾಡಲಾರವು. ಎರಡು ಪ್ರತಿಗಳಲ್ಲಿ ಒಂದೇ ಥರ ಇರಲು ಸಾಧ್ಯವೇ ಇಲ್ಲದ್ದನ್ನು ಹುಡುಕಿ: ಚೌಕಳಿ ಬಟ್ಟೆಯ ಗೆರೆ ಹೊಲಿಗೆಯನ್ನು ಎಲ್ಲಿ ಕತ್ತರಿಸುತ್ತದೆ, ಮರದ ಹಿಡಿಯ ನಾರು ಹೇಗೆ ಸುಳಿಯುತ್ತದೆ, ಬಣ್ಣದ ಹನಿ ಎಲ್ಲಿ ನಿಂತಿದೆ, ಕೈಹೊಲಿಗೆಯ ಯಾವ ಟಾಕು ವಾರೆಯಾಗಿದೆ. ಇಂಥ ಮೂರು ಗುರುತಾದರೂ ಕೂಡಿ ಬಂದರೆ ನಂಬಬಹುದು. ಎಡವಟ್ಟಾಗುವುದು ಎರಡು ಕಡೆ. ಒಂದು, ಎಡಿಟಿಂಗಿನಲ್ಲಿ ಶಾಟನ್ನು ಕನ್ನಡಿಯಂತೆ ತಿರುಗಿಸಿರುತ್ತಾರೆ, ಎಡಗಡೆಯ ಕಲೆ ಬಲಕ್ಕೆ ಬಂದಿರುತ್ತದೆ. ಅಂಗಿಯ ಗುಂಡಿಪಟ್ಟಿ ಯಾವ ಕಡೆಗಿದೆ ನೋಡಿ, ಗೊತ್ತಾಗುತ್ತದೆ. ಇನ್ನೊಂದು, ಗೀರು. ಸಿನಿಮಾದಲ್ಲಿ ಇದ್ದ ಗೀರು ವಸ್ತುವಿನ ಮೇಲೆ ಇಲ್ಲದಿದ್ದರೆ ಅದು ಬೇರೆ ಪ್ರತಿ, ಇಲ್ಲವೇ ಆಮೇಲೆ ಬಣ್ಣ ಬಳಿದಿದ್ದಾರೆ. ವಸ್ತುವಿನ ಮೇಲಿದ್ದು ಸಿನಿಮಾದಲ್ಲಿ ಇಲ್ಲದಿದ್ದರೆ ಗಾಬರಿ ಬೇಡ, ಚಿತ್ರೀಕರಣದ ನಂತರ ಬಿದ್ದಿರಬಹುದು. ಗೀರನ್ನು ಬೇಕೆಂದೇ ಕೊರೆಯುವ ಪುಣ್ಯಾತ್ಮರೂ ಇದ್ದಾರೆ; ಬಟ್ಟೆಯ ನೇಯ್ಗೆಯನ್ನು ಹಾಗೆ ಸೃಷ್ಟಿಸಲು ಬರುವುದಿಲ್ಲ. ಆದ್ದರಿಂದಲೇ ತಿಳಿದವರು ಗೀರಿಗಿಂತ ನೇಯ್ಗೆಯನ್ನು ಹೆಚ್ಚು ನಂಬುತ್ತಾರೆ.

ಇಂಥ ಪರೀಕ್ಷೆಗೆ 1939ರ ‘ದಿ ವಿಜರ್ಡ್ ಆಫ್ ಆಜ್’ ಚಿತ್ರದ ಕೆಂಪು ಚಪ್ಪಲಿಗಳಿಗಿಂತ ಒಳ್ಳೆಯ ಪಾಠ ಇಲ್ಲ. ಎಂಜಿಎಂ ಸ್ಟುಡಿಯೋ 1970ರಲ್ಲಿ ತನ್ನ ಉಗ್ರಾಣ ಖಾಲಿ ಮಾಡಲು ನಡೆಸಿದ ಹರಾಜಿನಲ್ಲಿ ಒಂದು ಜೊತೆ 15,000 ಡಾಲರಿಗೆ ಹೋಯಿತು. ಇನ್ನೊಂದು ಜೊತೆ 2005ರಲ್ಲಿ ಆ ಚಿತ್ರದ ನಾಯಕಿಯ ಹೆಸರಿನಲ್ಲಿರುವ, ಮಿನೆಸೋಟದ ಜೂಡಿ ಗಾರ್ಲಂಡ್ ಮ್ಯೂಸಿಯಮ್ಮಿನಿಂದ ಕಳುವಾಗಿ 2018ರಲ್ಲಿ ಎಫ್‌ಬಿಐ ಕೈಗೆ ಸಿಕ್ಕಿತು. ಅದು ಅಸಲಿಯೇ ಅಂತ ನೋಡಲು ಸ್ಮಿತ್ಸೋನಿಯನ್ ಸಂಗ್ರಹಾಲಯದ ಜೊತೆಯ ಪಕ್ಕ ಇಟ್ಟು ಹೋಲಿಸಿದರು. ಆಗ ಬಯಲಾದದ್ದು: ಒಂದು ಜೊತೆಯ ಎಡಗಾಲಿನದು ಇನ್ನೊಂದು ಜೊತೆಯ ಬಲಗಾಲಿನದಕ್ಕೆ ಹೊಂದುತ್ತದೆ, ಅಂದರೆ ಸ್ಟುಡಿಯೋದಲ್ಲೇ ಜೊತೆಗಳು ಅದಲುಬದಲಾಗಿದ್ದವು. ಚಪ್ಪಲಿಯ ಮೇಲಿನ ಬೋ ಅಲಂಕಾರಕ್ಕೆ ಹಾಕಿದ್ದ ಪಾರದರ್ಶಕ ಗಾಜಿನ ಮಣಿಗೆ ಕೆಂಪು ಬಳಿದು ತೇಪೆ ಹಾಕಿದ್ದ ಗುರುತು ಕೂಡ ಎರಡೂ ಜೊತೆಗಳಲ್ಲಿ ಸಿಕ್ಕಿತು. ಉಡುಪು ವಿಭಾಗದವರ ಅವಸರದ ರಿಪೇರಿಯೇ ಇಲ್ಲಿ ಸಾಕ್ಷಿ ಹೇಳಿತು. ಕೊನೆಗೆ 2024ರ ಡಿಸೆಂಬರಿನಲ್ಲಿ ಹೆರಿಟೇಜ್ ಹರಾಜಿನಲ್ಲಿ, ಕಳುವಾಗಿ ಸಿಕ್ಕ ಈ ಜೊತೆಗೆ ಸುತ್ತಿಗೆ ಬಿದ್ದದ್ದು, ಅಂದರೆ ಕೂಗು ನಿಂತದ್ದು, 2.8 ಕೋಟಿ ಡಾಲರಿಗೆ. ಕೊಂಡವರು ತೆತ್ತದ್ದು 3.25 ಕೋಟಿ.

ನಡುವಿನ 45 ಲಕ್ಷ ಡಾಲರ್ ಹರಾಜು ಸಂಸ್ಥೆಯ ಪಾಲು. ಇದನ್ನು ‘ಬಯರ್ಸ್ ಪ್ರೀಮಿಯಂ’ ಅನ್ನುತ್ತಾರೆ. ಪ್ರಾಪ್‌ಸ್ಟೋರ್ ಸೇರಿ ಎಲ್ಲರೂ ಹಾಕುತ್ತಾರೆ. ಸಾಮಾನ್ಯ ಲಾಟುಗಳಿಗೆ ಹೆಚ್ಚುಕಡಿಮೆ ಕಾಲು ಭಾಗ ಅಂತ ಇಟ್ಟುಕೊಂಡು, ಪ್ರತಿ ಹರಾಜಿನ ನಿಯಮಗಳ ಪುಟದಲ್ಲಿ ನಿಖರ ದರ ನೋಡಿಕೊಳ್ಳಿ. ಸಣ್ಣ ಲೆಕ್ಕ ಒಂದನ್ನು ಮಾಡೋಣ. ಬೆಂಗಳೂರಿನವರೊಬ್ಬರಿಗೆ ಒಂದು ಜಾಕೆಟ್ 400 ಪೌಂಡಿಗೆ ನಿಂತಿತು ಅನ್ನಿ. ಕಾಲು ಭಾಗ ಪ್ರೀಮಿಯಂ ಸೇರಿ 500. ಪ್ಯಾಕಿಂಗ್, ಕೊರಿಯರ್, ವಿಮೆ ಸೇರಿ 90 ಹಿಡಿದರೆ 590. ಕಸ್ಟಮ್ಸ್ ಸುಂಕ ಮತ್ತು ಜಿಎಸ್‌ಟಿ ಬೀಳುವುದು ಸಾಗಣೆ, ವಿಮೆ ಸೇರಿದ ಈ ಮೊತ್ತದ ಮೇಲೆ, ಬರೀ 400ರ ಮೇಲಲ್ಲ. ದರ ವಸ್ತುವಿನ ವರ್ಗೀಕರಣದ ಮೇಲೆ ನಿಂತಿದೆ, ಬಜೆಟ್ಟಿಗೆ ಬಜೆಟ್ಟಿಗೆ ಬದಲಾಗುತ್ತದೆ. ಲೆಕ್ಕಕ್ಕೆ 40% ಅಂತ ಹಿಡಿಯೋಣ, 236. ಬ್ಯಾಂಕಿನ ವಿನಿಮಯ ನಷ್ಟ 3% ಅಂದರೂ 18. ಒಟ್ಟು 844 ಪೌಂಡ್. ಸುತ್ತಿಗೆ ಬಿದ್ದ ಬೆಲೆಯ ಎರಡು ಪಟ್ಟನ್ನೂ ದಾಟಿತು. ಅದಕ್ಕೇ ಬಿಡ್ಡಿನ ಮಿತಿಯನ್ನು ಹಿಂದಿನಿಂದ ಲೆಕ್ಕ ಹಾಕಬೇಕು: ಮನೆ ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟಾದರೆ ಸರಿ ಅಂತ ಮೊದಲು ನಿರ್ಧರಿಸಿ, ಅದರ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಿಡ್ ನಿಲ್ಲಿಸಿ. ಇಂಗ್ಲೆಂಡಿನ ಹರಾಜಿನಲ್ಲಿ ಲಾಟ್ ನಂಬರಿನ ಪಕ್ಕ ವ್ಯಾಟ್ (ಅಲ್ಲಿನ ಮಾರಾಟ ತೆರಿಗೆ) ಸಂಕೇತವಿದ್ದರೆ ಅದರ ಅರ್ಥವನ್ನೂ ಕೇಳಿಕೊಳ್ಳಿ. ದೇಶದ ಹೊರಗೆ ಹೋಗುವ ವಸ್ತುವಿಗೆ ವಿನಾಯಿತಿ ಇರುತ್ತದೆ, ಆದರೆ ಅವರೇ ರಫ್ತು ಮಾಡಿದರೆ ಮಾತ್ರ ಸುಲಭ. ಲಂಡನ್ನಿನಲ್ಲಿರುವ ಭಾವಮೈದುನ ಕೈಯಲ್ಲಿ ತರುತ್ತಾನೆ ಅಂದರೆ ಆ ಲೆಕ್ಕವೇ ಬೇರೆ.

ಅಂದಾಜು ಬೆಲೆಗೆ ಮರುಳಾಗಬೇಡಿ. 2018ರ ಸೆಪ್ಟೆಂಬರಿನ ಲಂಡನ್ ಹರಾಜಿನಲ್ಲಿ ‘ಸ್ಟಾರ್ ವಾರ್ಸ್’ನ ಹ್ಯಾನ್ ಸೋಲೋ ಪಾತ್ರದ ಜಾಕೆಟ್ಟಿಗೆ 5ರಿಂದ 10 ಲಕ್ಷ ಪೌಂಡ್ ಅಂದಾಜು ಹಾಕಿದ್ದರು, ಅದು ಮಾರಾಟವೇ ಆಗಲಿಲ್ಲ. ಅದೇ ಹರಾಜಿನಲ್ಲಿ 2ರಿಂದ 3 ಲಕ್ಷದ ಅಂದಾಜಿದ್ದ ಇಂಡಿಯಾನಾ ಜೋನ್ಸ್ ಟೋಪಿ 3,93,600 ಪೌಂಡಿಗೆ ಹೋಯಿತು. ಅಂದಾಜು ಕಡಿಮೆ ಇಟ್ಟರೆ ಹತ್ತು ಜನ ಕೈಯೆತ್ತುತ್ತಾರೆ, ಹೆಚ್ಚಿಟ್ಟರೆ ಎಲ್ಲರೂ ಕೈಕಟ್ಟಿ ಕೂರುತ್ತಾರೆ. ಇಂಡಿಯಾನಾ ಜೋನ್ಸ್ ಸರಣಿಯ ಎರಡನೆಯ ಚಿತ್ರದ ಟೋಪಿಯೊಂದು 2024ರ ಆಗಸ್ಟಿನಲ್ಲಿ 6,30,000 ಡಾಲರಿಗೆ ಮಾರಾಟವಾಯಿತು. ಅದು ಬಂದದ್ದು ಚಿತ್ರದಲ್ಲಿ ಡ್ಯೂಪ್ ಆಗಿ ಕೆಲಸ ಮಾಡಿದವರ ಸಂಗ್ರಹದಿಂದ. ಒಳಪಟ್ಟಿಯಲ್ಲಿ ಚಿನ್ನದ ಬಣ್ಣದ ‘ಐಜೆ’ ಅಕ್ಷರಗಳು, ಲಂಡನ್ನಿನ ಹರ್ಬರ್ಟ್ ಜಾನ್ಸನ್ ಅಂಗಡಿಯ ತಯಾರಿಕೆ. ವಸ್ತು ಸೆಟ್ಟಿನಿಂದ ಯಾರ ಕೈಗೆ, ಅಲ್ಲಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿ ಇಲ್ಲಿ ಎಷ್ಟು ಚಿಕ್ಕದು ನೋಡಿ. ಬೆಲೆಯ ಗುಟ್ಟು ಅರ್ಧ ಅದರಲ್ಲೇ ಇದೆ.

ಇನ್ನು ಪ್ರಮಾಣಪತ್ರ. ಪ್ರಾಪ್‌ಸ್ಟೋರ್ ಪ್ರತಿ ವಸ್ತುವಿನ ಜೊತೆ ಒಂದನ್ನು ಕೊಡುತ್ತದೆ, ಅದಕ್ಕೆ ಮಾರುಕಟ್ಟೆಯಲ್ಲಿ ಮರ್ಯಾದೆಯೂ ಇದೆ. ಆದರೂ ನಾವು ಆರೇ ಅಂಕ ಕೊಟ್ಟದ್ದು ಆ ಕಾಗದದ ಸ್ವಭಾವದಿಂದಾಗಿ. ಯಾರ ಪ್ರಮಾಣಪತ್ರವಾದರೂ ಮಾರಿದವರ ಮಾತು, ಅಷ್ಟೇ. ಸರ್ಕಾರದ ಮುದ್ರೆ ಅಲ್ಲ. ವಸ್ತು ಎಲ್ಲಿಂದ ಬಂತು ಎಂಬುದನ್ನು ಎಷ್ಟೋ ಪತ್ರಗಳು ಹೇಳುವುದೇ ಇಲ್ಲ, ಮಾರಿದವರ ಹೆಸರನ್ನು ಗುಟ್ಟಾಗಿಡುವುದು ಹರಾಜಿನ ವಾಡಿಕೆ. ಅದಕ್ಕೇ ಹರಾಜಿಗೆ ಮೊದಲೇ ಬರೆದು ಕೇಳಿ: ನೇರ ಸ್ಟುಡಿಯೋದಿಂದ ಬಂತೇ, ಚಿತ್ರತಂಡದವರಿಂದ ಬಂತೇ, ಇನ್ನೊಬ್ಬ ಸಂಗ್ರಾಹಕರಿಂದ ಬಂತೇ? ಈ ಮೂರರಲ್ಲಿ ಯಾವುದು ಅಂತ ಹೆಸರು ಬಿಟ್ಟುಕೊಡದೆಯೂ ಹೇಳಬಹುದು. ಉತ್ತರ ಬಂದ ಮೇಲ್ ಅನ್ನು ಪ್ರಿಂಟ್ ತೆಗೆದಿಡಿ. ಉಡುಪಿನ ಒಳಗಿನ ಲೇಬಲ್ ಕೂಡ ಒಳ್ಳೆಯ ಸಾಕ್ಷಿ: ಹಾಲಿವುಡ್ಡಿನ ವೆಸ್ಟರ್ನ್ ಕಾಸ್ಟ್ಯೂಮ್, ಲಂಡನ್ನಿನ ಬರ್ಮನ್ಸ್ ಅಂಡ್ ನೇಥನ್ಸ್, ಏಂಜಲ್ಸ್ ಮುಂತಾದ ಬಾಡಿಗೆ ಸಂಸ್ಥೆಗಳು ಲೇಬಲ್ಲಿನ ಮೇಲೆ ನಟರ ಹೆಸರು, ಅಳತೆ ಬರೆಯುತ್ತಿದ್ದವು. ಆದರೆ ಬಾಡಿಗೆ ಉಡುಪು ಹತ್ತು ಸಿನಿಮಾ ಸುತ್ತಿರುತ್ತದೆ. ಮೊದಲ ‘ಸ್ಟಾರ್ ವಾರ್ಸ್’ನ ಓಬಿ ವಾನ್ ಪಾತ್ರದ ಮೇಲುಡುಪು ಏಂಜಲ್ಸ್‌ನ ಬಾಡಿಗೆ ದಾಸ್ತಾನಿನಲ್ಲಿದ್ದು, 2007ರಲ್ಲಿ ಬಾನಮ್ಸ್ ಹರಾಜಿನಲ್ಲಿ 54,000 ಪೌಂಡಿಗೆ ಹೋಯಿತು. ಲೇಬಲ್ ಒಬ್ಬರ ಹೆಸರು ಹೇಳಿ, ತೋಳಿನ ಉದ್ದ ಇನ್ನೊಬ್ಬರ ಕತೆ ಹೇಳಿದರೆ ಉಡುಪನ್ನು ಆಮೇಲೆ ಮಡಚಿ ಹೊಲಿದಿದ್ದಾರೆ ಅಂತ ಅರ್ಥ. ಹಳೆಯ ಹೊಲಿಗೆಯ ತೂತುಗಳು ಮಡಿಕೆಯೊಳಗೆ ಉಳಿದಿರುತ್ತವೆ. ಅದರ ಫೋಟೊ ಕೇಳಿ ತರಿಸಿಕೊಳ್ಳಿ.

ಬಿಡ್ ಮಾಡುವುದು ಕಷ್ಟವಲ್ಲ. ಹೆಸರು ನೋಂದಾಯಿಸಿ, ಗುರುತಿನ ಚೀಟಿ ಕೇಳಿದರೆ ಕೊಟ್ಟು, ಕೊನೆಯ ದಿನದ ತನಕ ಕಾಯದೆ ಅನುಮತಿ ಪಡೆದುಕೊಳ್ಳಿ. ಬೇಸಿಗೆಯ ಗಡಿಯಾರದಲ್ಲಿ ಲಂಡನ್ನಿನ ಬೆಳಿಗ್ಗೆ 10 ನಮಗೆ ಮಧ್ಯಾಹ್ನ 2.30, ಲಾಸ್ ಏಂಜಲೀಸಿನ ಬೆಳಿಗ್ಗೆ 10 ನಮಗೆ ರಾತ್ರಿ 10.30. ಗಂಟೆಗೆ ಅರವತ್ತು ಎಪ್ಪತ್ತು ಲಾಟು ಓಡುತ್ತವೆ ಅಂದುಕೊಂಡರೆ ನಾಲ್ಕುನೂರನೆಯ ಲಾಟಿಗಾಗಿ ಬೆಳಗಿನ ಜಾವದವರೆಗೆ ಕಣ್ಣು ಬಿಟ್ಟುಕೊಂಡು ಕೂರಬೇಕು, ನಿದ್ದೆಗಣ್ಣಿನಲ್ಲಿ ಒತ್ತಿದ ಬಟನ್ನೂ ಕಾನೂನುಬದ್ಧ ಒಪ್ಪಂದವೇ. ಗರಿಷ್ಠ ಮೊತ್ತವನ್ನು ಮೊದಲೇ ಬರೆದುಕೊಟ್ಟು ಮಲಗುವುದು ಜಾಣತನ. ನೂರರ ಪೂರ್ಣ ಸಂಖ್ಯೆಗಿಂತ ಒಂದು ಮೆಟ್ಟಿಲು ಮೇಲಿಡಿ. 500ಕ್ಕೆ ನಿಲ್ಲುವವರು ಬಹಳ, 550ಕ್ಕೆ ಕಡಿಮೆ.

ಗೆದ್ದ ಮೇಲೆ ಹಣ ಕಳಿಸುವಲ್ಲಿ ಮುಗ್ಗರಿಸುವವರು ಅನೇಕರು. ಬ್ಯಾಂಕಿನಿಂದ ವೈರ್ ಮಾಡುವಾಗ ಎ2 ಫಾರಂ (ವಿದೇಶಕ್ಕೆ ಹಣ ಕಳಿಸುವ ಅರ್ಜಿ), ಇನ್‌ವಾಯ್ಸ್, ಪ್ಯಾನ್ ಬೇಕು. ದಾರಿಯಲ್ಲಿನ ಮಧ್ಯವರ್ತಿ ಬ್ಯಾಂಕುಗಳು ಹತ್ತಿಪ್ಪತ್ತು ಪೌಂಡ್ ಮುರಿದುಕೊಂಡರೆ ಸಂಸ್ಥೆಗೆ ಹಣ ಕಡಿಮೆ ಬಿದ್ದು ಪಾರ್ಸೆಲ್ ನಿಂತುಬಿಡುತ್ತದೆ. ಫಾರಮ್ಮಿನಲ್ಲಿ ಎಲ್ಲ ಶುಲ್ಕ ಕಳಿಸುವವರದೇ ಎಂಬ ಆಯ್ಕೆಯನ್ನು ಗುರುತು ಮಾಡಿ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ವರ್ಷಕ್ಕೆ 2,50,000 ಡಾಲರ್ ಕಳಿಸಬಹುದು. 2025ರ ಏಪ್ರಿಲ್ 1ರಿಂದ ಇಂಥ ಖರೀದಿಗೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕು 20% ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ಆದಾಯ ತೆರಿಗೆ ರಿಟರ್ನಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ, ಆದರೆ ಅಷ್ಟು ತಿಂಗಳು ನಿಮ್ಮ ದುಡ್ಡು ಅಲ್ಲೇ ಕೂತಿರುತ್ತದೆ.

ಕಸ್ಟಮ್ಸಿನಲ್ಲಿ ‘ಮೂವಿ ಪ್ರಾಪ್’ ಎಂಬ ಎರಡೇ ಪದ ಬರೆದ ಪೆಟ್ಟಿಗೆ ಖಂಡಿತ ತೆರೆಸಿಕೊಳ್ಳುತ್ತದೆ. ಯಾವ ವಸ್ತು, ಯಾವುದರಿಂದ ಮಾಡಿದ್ದು, ಬಳಸಿದ್ದೋ ಹೊಸದೋ, ಸ್ವಂತಕ್ಕೆ ಸಂಗ್ರಹಿಸಲು ಅಂತ ಬಿಡಿಸಿ ಬರೆಸಿ: ‘ಬಳಸಿದ ಹತ್ತಿ ಜಾಕೆಟ್, 1, ಚಿತ್ರೀಕರಣದ ಉಡುಪು’. ಬೆಲೆ ಕಡಿಮೆ ತೋರಿಸಿ, ಉಡುಗೊರೆ ಅಂತ ಬರೆಯಿರಿ ಎಂದು ಕೇಳಲೇ ಹೋಗಬೇಡಿ. ಕಾನೂನಿನ ಮಾತು ಹಾಗಿರಲಿ, ಪಾರ್ಸೆಲ್ ಕಳೆದರೆ ವಿಮೆ ಕೊಡುವುದು ಘೋಷಿಸಿದ ಬೆಲೆಯನ್ನೇ. ಬಂದೂಕು, ಕತ್ತಿ, ಬಾಂಬಿನಂಥ ಪ್ರಾಪ್‌ಗಳನ್ನು ಭಾರತಕ್ಕೆ ತರಿಸುವ ಆಸೆಯನ್ನೇ ಬಿಡಿ. ರಬ್ಬರಿನದಾದರೂ ಎಕ್ಸ್‌ರೇಯಲ್ಲಿ ಆಕಾರ ಅದೇ. ಅಧಿಕಾರಿಗೆ ಅದು ಡಮ್ಮಿ ಅಂತ ಒಪ್ಪಿಸುವ ಹೊತ್ತಿಗೆ ಗೋದಾಮಿನ ಬಾಡಿಗೆ ಏರಿರುತ್ತದೆ. ಹಕ್ಕಿಯ ಗರಿ, ದಂತ, ಆಮೆಚಿಪ್ಪು, ಹಾವು ಮೊಸಳೆಯ ಚರ್ಮ ಇರುವ ಹಳೆಯ ಟೋಪಿ, ಚೀಲಗಳೂ ಬೇಡ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ನಿಯಮಗಳು ಎರಡೂ ದೇಶಗಳಲ್ಲಿ ಅಡ್ಡ ಬರುತ್ತವೆ.

ಮನೆಗೆ ಬಂದ ಮೇಲೆ ಇರುವುದೇ ನಿಜವಾದ ತಲೆನೋವು. ಸಿನಿಮಾ ಸಾಮಾನು ಮಾಡುವವರು ಅದು ಚಿತ್ರೀಕರಣ ಮುಗಿಯುವ ತನಕ ಬಾಳಿದರೆ ಸಾಕು ಅಂತ ಮಾಡುತ್ತಾರೆ. ಮುಖವಾಡ, ರಾಕ್ಷಸನ ಕೈಗಳಿಗೆ ಬಳಸುವ ಫೋಮ್ ಲ್ಯಾಟೆಕ್ಸ್ ಗಾಳಿಯ ಆಮ್ಲಜನಕ ಮತ್ತು ಬೆಳಕಿಗೆ ಗಟ್ಟಿಯಾಗಿ ಬಿರಿದು ಪುಡಿಯಾಗುತ್ತದೆ. ಪಾಲಿಯುರೆಥೇನ್ ಫೋಮಿನಲ್ಲಿ ಎರಡು ಜಾತಿ: ಈಥರ್ ಬಗೆಯದು ಬೆಳಕಿಗೆ ಹಳದಿಯಾಗಿ ಉದುರುತ್ತದೆ, ಎಸ್ಟರ್ ಬಗೆಯದು ತೇವಕ್ಕೆ ಅಂಟಂಟಾಗಿ ಕರಗುತ್ತದೆ. ಎರಡನೆಯದಕ್ಕೆ ಮಂಗಳೂರು, ಉಡುಪಿಯ ಮಳೆಗಾಲ ಯಮ. ಕರಾವಳಿಯವರು ಫೋಮ್ ಇರುವ ಲಾಟನ್ನು ನೋಡಿ ಖುಷಿಪಟ್ಟು ಮುಂದೆ ಹೋಗುವುದು ಲೇಸು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನಿಂದ ಎಣ್ಣೆಯಂಥ ಜಿಗುಟು ಹೊರಬರುತ್ತದೆ. ಅದನ್ನು ಬಟ್ಟೆಗೆ ತಾಗಿಸಿ ಇಟ್ಟರೆ ಎರಡೂ ಹಾಳು. ಒಳಗಿನ ಬ್ಯಾಟರಿಯನ್ನು ಬಂದ ದಿನವೇ ತೆಗೆಯಿರಿ, ಹಳೆಯ ವೈರಿಂಗಿಗೆ ಹೊಸ ಸೆಲ್ ಹಾಕಿ ಉರಿಸಿ ನೋಡುವ ಚಪಲ ಬೇಡ.

ಬಟ್ಟೆ ಮಾತ್ರ ನಮ್ಮ ಹವೆಯಲ್ಲೂ ಬಾಳುತ್ತದೆ, ಸರಿಯಾಗಿ ಇಟ್ಟರೆ. ಪ್ಲೈವುಡ್ ವಾರ್ಡ್‌ರೋಬ್ ಬಿಡುವ ಹುಳಿ ಆವಿ ಜರಿ, ಲೋಹದ ಗುಂಡಿಗಳನ್ನು ಕೆಡಿಸುತ್ತದೆ. ಅಜ್ಜಿಯ ಕಾಲದ ಕಬ್ಬಿಣದ ಬೀರುವೇ ವಾಸಿ. ಬಟ್ಟೆಯನ್ನು ಸುತ್ತಿಡಲು ದುಬಾರಿ ಆಮ್ಲರಹಿತ ಕಾಗದ ಸಿಗದಿದ್ದರೆ ಗಂಜಿ, ನೀಲಿ ಹಾಕದೆ ಹಲವು ಸಲ ಒಗೆದ ಬಿಳಿ ಪಂಚೆ ಸಾಕು. ಮಣಿ, ಮಿನುಗಿನ ಕೆಲಸವಿರುವ ಉಡುಪನ್ನು ಹ್ಯಾಂಗರಿಗೆ ಹಾಕಿದರೆ ತನ್ನ ಭಾರಕ್ಕೆ ತಾನೇ ಭುಜದಲ್ಲಿ ಹರಿಯುತ್ತದೆ, ಮಲಗಿಸಿಡಿ. ಮಡಿಕೆಗಳ ಒಳಗೆ ಬಟ್ಟೆಯ ಸುರುಳಿ ಇಟ್ಟು, ಆರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಿಸಿ. ನುಸಿಗುಳಿಗೆ ಹಾಕಲೇಬೇಡಿ. ನಾಫ್ತಲೀನ್ ಆವಿ ಕೆಲವು ಪ್ಲಾಸ್ಟಿಕ್ ಮಿನುಗು, ಗುಂಡಿಗಳನ್ನು ಮೆತ್ತಗೆ ಮಾಡುತ್ತದೆ, ವಾಸನೆಯಂತೂ ಜನ್ಮಕ್ಕೆ ಹೋಗದು. ಉಣ್ಣೆಗೆ ಹುಳು ಬಿದ್ದ ಅನುಮಾನವಿದ್ದರೆ ಪಾಲಿಥಿನ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹಾಗೇ ಬಿಡಿ, ಇಲ್ಲದಿದ್ದರೆ ನೀರು ಕೂರುತ್ತದೆ. ಬಣ್ಣ ಬಳಿದದ್ದು, ಲ್ಯಾಟೆಕ್ಸ್, ಗಡಸು ಪ್ಲಾಸ್ಟಿಕ್ ಇರುವುದನ್ನು ಹೀಗೆ ಮಾಡುವಂತಿಲ್ಲ, ಬಿರುಕು ಬಿಡುತ್ತವೆ. ಆರ್ದ್ರತೆ 65% ದಾಟಿದರೆ ಬೂಷ್ಟು ಶುರು; ಸಣ್ಣ ಡಿಜಿಟಲ್ ಮೀಟರ್ ಒಂದನ್ನು ಬೀರುವಿನೊಳಗೆ ಇಟ್ಟು, ಸಿಲಿಕಾ ಜೆಲ್ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ.

ಒಗೆಯುವುದು, ಡ್ರೈಕ್ಲೀನ್, ಇಸ್ತ್ರಿ ಮೂರೂ ನಿಷಿದ್ಧ. ಕಾಲರಿನ ಮೇಕಪ್ ಕಲೆ, ಬೆವರು, ಬೇಕೆಂದೇ ಉಜ್ಜಿದ ಮಣ್ಣು ಇವೇ ಅಲ್ಲವೇ ಸಾಕ್ಷಿ. ಶುಚಿ ಮಾಡಿದರೆ ಉಳಿಯುವುದು ಹಳೇ ಅಂಗಿ. ಹಳೆಯ ಮಿನುಗುಗಳ ಕತೆ ಇನ್ನೂ ಸೂಕ್ಷ್ಮ. ಆ ಕೆಂಪು ಚಪ್ಪಲಿಗಳ ಒಂದೊಂದರಲ್ಲೂ ಸುಮಾರು 2,400 ಮಿನುಗುಗಳಿವೆ. ಅವುಗಳ ತಿರುಳು ಜೆಲಾಟಿನ್, ಮೇಲೆ ಸೆಲ್ಯುಲೋಸ್ ನೈಟ್ರೇಟ್ ಲೇಪ. ಜೆಲಾಟಿನ್ ನೀರಿಗೆ ಕರಗುತ್ತದೆ, ಆ ಕಾಲದ ಮಿನುಗಿಗೆ ಒದ್ದೆ ಬಟ್ಟೆ ತಾಗಿಸಿದರೂ ಮುಗಿಯಿತು. ಸಿನಿಮಾ ರಕ್ತದ ಕಲೆ ಇರುವ ಅಂಗಿ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಅದರಲ್ಲಿ ಬಹುಪಾಲು ಸಕ್ಕರೆ ಪಾಕ. ಲಂಡನ್ನಿನ ಗೋದಾಮಿನಲ್ಲಿ ತೆಪ್ಪಗಿದ್ದದ್ದು ಬೆಂಗಳೂರಿಗೆ ಬಂದ ವಾರದಲ್ಲಿ ಇರುವೆ ಸಾಲು ಹತ್ತಿಸಿಕೊಳ್ಳುತ್ತದೆ. ಗಟ್ಟಿಯಾಗಿ ಮುಚ್ಚುವ ಡಬ್ಬಿಯೇ ಪರಿಹಾರ.

ಗಾಜಿನೊಳಗೆ ಇಡುವುದಾದರೆ ನೇರಳಾತೀತ ಕಿರಣ ತಡೆಯುವ ಗಾಜು, ಎಲ್‌ಇಡಿ ದೀಪ, ಬೆಳಕು 50 ಲಕ್ಸ್ ಮೀರದಂತೆ. ಅಷ್ಟು ಮಂಕು ಬೆಳಕಿನಲ್ಲಿ ಏನು ಚೆಂದ ಅನ್ನಿಸುತ್ತದೆ, ನಿಜ. ಆದರೆ ಬಟ್ಟೆಯ ಬಣ್ಣ ಹೋದರೆ ವಾಪಸು ಬರುವುದಿಲ್ಲ. ಮೂರು ತಿಂಗಳು ತೋರಿಸಿ, ಒಂಬತ್ತು ತಿಂಗಳು ಕತ್ತಲಲ್ಲಿ ಮಲಗಿಸಿ. ಬೊಂಬೆ ಉಡುಪಿಗಿಂತ ಒಂದು ಅಳತೆ ಚಿಕ್ಕದಿರಲಿ, ಖಾಲಿ ಜಾಗಕ್ಕೆ ಹತ್ತಿ ತುಂಬಬಹುದು. ದೊಡ್ಡ ಬೊಂಬೆಗೆ ಎಳೆದು ತೊಡಿಸಿದರೆ ಹೊಲಿಗೆ ಬಿಡುತ್ತದೆ.

ಕನ್ನಡ ಸಿನಿಮಾದ ಸಾಮಾನು ಇಂಥ ಹರಾಜುಗಳಲ್ಲಿ ಕಾಣದಿರುವುದಕ್ಕೆ ಕಾರಣ ಅಭಿಮಾನದ ಕೊರತೆ ಅಲ್ಲ. ನಮ್ಮಲ್ಲಿ ಪ್ರಾಪರ್ಟಿಯೂ (ಸೆಟ್ಟಿನ ಸಾಮಾನು) ಕಾಸ್ಟ್ಯೂಮೂ ಬಹುಕಾಲ ಬಾಡಿಗೆಯ ಸರಕು. ಒಂದರಲ್ಲಿ ರಾಜನ ಕೋಟು, ಮುಂದಿನದರಲ್ಲಿ ಬ್ಯಾಂಡಿನವರದು, ಆಮೇಲೆ ಕತ್ತರಿಸಿ ಹುಡುಗನ ಅಂಗಿ. ಹೀಗಾಗಿ ‘ಅಣ್ಣಾವ್ರು ಹಾಕಿದ್ದ ಕೋಟು’ ಅಂತ ಯಾರಾದರೂ ತೋರಿಸಿದರೆ ಬಾಯಿಮಾತಿನ ಮೇಲೆ ದುಡ್ಡು ಕೊಡಬೇಡಿ. ಇಲ್ಲಿ ಬ್ಲೂರೇ ಸಿಗುವುದು ಅಪರೂಪ, ಆದರೆ ಸ್ಟಿಲ್ ಫೋಟೊಗ್ರಾಫರುಗಳು ತೆಗೆದ ದೊಡ್ಡ ನೆಗೆಟಿವ್‌ಗಳು ಉಳಿದಿವೆ. ಸಿನಿಮಾ ಪ್ರಿಂಟಿಗಿಂತ ಅವುಗಳಲ್ಲಿ ನೇಯ್ಗೆ ಸ್ಪಷ್ಟವಾಗಿ ಕಾಣುತ್ತದೆ. ಜೊತೆಗೆ ಕಾಸ್ಟ್ಯೂಮರ್ ಅಥವಾ ಅವರ ಮನೆಯವರ ಸಹಿ ಇರುವ ಪತ್ರ ಕೇಳಿ. ವಿದೇಶಕ್ಕೆ ಒಯ್ಯುವವರಿಗೆ ಇನ್ನೊಂದು ಮಾತು: 1972ರ ಪ್ರಾಚ್ಯವಸ್ತು ಕಾಯಿದೆಯಲ್ಲಿ ನೂರು ವರ್ಷ ದಾಟಿದ ವಸ್ತುವನ್ನೂ, ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯದ ಹಸ್ತಪ್ರತಿ, ದಾಖಲೆಯಾದರೆ 75 ವರ್ಷ ದಾಟಿದ್ದನ್ನೂ ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡದ್ದು 1934ರಲ್ಲಿ. ಆ ಕಾಲದ ಕೈಬರಹದ ಸಂಭಾಷಣೆ ಪುಸ್ತಕ ಮನೆಯ ಅಟ್ಟದಲ್ಲಿ ಸಿಕ್ಕರೆ ಸೂಟ್‌ಕೇಸಿಗೆ ಹಾಕುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಿ.

ಪ್ರಾಪ್‌ಸ್ಟೋರಿನಲ್ಲಿ ಮೊದಲ ಸಲ ಕೊಳ್ಳುವವರಿಗೆ ನಾವು ಸೂಚಿಸುವುದು ಕಾಗದ ಮತ್ತು ಬಟ್ಟೆ: ಚಿತ್ರೀಕರಣದ ಕಾಲ್‌ಶೀಟ್ (ಆಯಾ ದಿನದ ಕೆಲಸದ ಪಟ್ಟಿ), ಸ್ಟೋರಿಬೋರ್ಡ್ (ಶಾಟ್‌ಗಳನ್ನು ಮೊದಲೇ ಬಿಡಿಸಿಟ್ಟ ಚಿತ್ರಗಳು), ತಂತ್ರಜ್ಞರಿಗೆ ಹಂಚಿದ ಜಾಕೆಟ್, ಹಿನ್ನೆಲೆ ಕಲಾವಿದರ ಉಡುಪು. ಹಗುರ, ಮುರಿಯುವುದಿಲ್ಲ, ಬಾಳುತ್ತವೆ. ಕ್ಲಾಪ್‌ಬೋರ್ಡ್ ಎಲ್ಲರಿಗೂ ಇಷ್ಟ, ನಕಲಿಗಳೂ ಅದರಲ್ಲೇ ಹೆಚ್ಚು, ಯಾಕೆಂದರೆ ಮಾಡಲು ಹತ್ತು ನಿಮಿಷ ಸಾಕು. ಅಸಲಿಯಲ್ಲಿ ಟೇಪು ಅಂಟಿಸಿ ಕಿತ್ತ ಪದರಗಳು, ಬಡಿದು ಬಡಿದು ಸವೆದ ಕೋಲಿನ ಅಂಚು, ಪೂರ್ತಿ ಅಳಿಯದ ಹಿಂದಿನ ಸೀನ್ ನಂಬರುಗಳ ನೆರಳು ಇರುತ್ತವೆ. ಮತ್ತೆ ಮಾರಿ ಲಾಭ ಮಾಡುವ ಯೋಚನೆ ಇದ್ದರೆ ಒಂದು ಸಲ ಗುಣಿಸಿ ನೋಡಿ: ಕೊಳ್ಳುವಾಗಿನ ಪ್ರೀಮಿಯಂ, ಸುಂಕ, ಮಾರುವಾಗಿನ ಕಮಿಷನ್, ವಾಪಸು ಕಳಿಸುವ ಖರ್ಚು ದಾಟಲು ವಸ್ತುವಿನ ಬೆಲೆ ಎರಡೂವರೆ ಪಟ್ಟಾದರೂ ಏರಬೇಕು.

ಕೊಂಡ ದಿನವೇ ಒಂದು ಫೈಲ್ ಮಾಡಿ. ಇನ್‌ವಾಯ್ಸ್, ಕ್ಯಾಟಲಾಗಿನ ಆ ಪುಟ, ಪ್ರಮಾಣಪತ್ರ, ಮೇಲ್ ಉತ್ತರಗಳು, ಕಸ್ಟಮ್ಸ್ ರಸೀದಿ, ನೀವು ತೆಗೆದ ಫ್ರೇಮುಗಳು, ಪೆಟ್ಟಿಗೆ ಬಿಚ್ಚುವಾಗಿನ ವಿಡಿಯೊ, ಎಲ್ಲ ಒಂದೇ ಕಡೆ ಇರಲಿ. ಬಟ್ಟೆಗೆ ಪಿನ್ ಹೊಡೆದ ಹಳೆಯ ಚೀಟಿಯನ್ನು ಕೀಳಬೇಡಿ. ಪಿನ್ ತುಕ್ಕು ಹಿಡಿದಿದ್ದರೆ ಮೊದಲು ಅದೇ ಜಾಗದಲ್ಲಿ ಫೋಟೊ ತೆಗೆದು, ಆಮೇಲೆ ಪಿನ್ ಬಿಚ್ಚಿ, ಅದೇ ತೂತಿನ ಮೂಲಕ ಹತ್ತಿ ದಾರದಲ್ಲಿ ಚೀಟಿ ಕಟ್ಟಿ. ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಶಾಖಕ್ಕೆ ಅದರ ಮೇಲಿನ ಮುದ್ರೆ, ಶಾಯಿ ಕೆಡುತ್ತದೆ, ಕೊಳ್ಳಲು ಬಂದವರು ಅದನ್ನು ಕಲರ್ ಜೆರಾಕ್ಸ್ ಅಂತಲೇ ಅನುಮಾನಿಸುತ್ತಾರೆ.